ಮೊದಲ ರೆಗ್ಯುಲೇಟರ್: ಹೊಸದೋ, ಸೆಕೆಂಡ್ ಹ್ಯಾಂಡೋ?

ನೇತ್ರಾಣಿಗೋ ಅಂಡಮಾನಿಗೋ ಹೋಗಿ ಸ್ಕೂಬಾ ಕೋರ್ಸ್ ಮುಗಿಸಿ ಬಂದವರಿಗೆ ಒಂದು ಹುಚ್ಚು ಹತ್ತಿಕೊಳ್ಳುತ್ತದೆ. ಇನ್ನೊಬ್ಬರು ಕಚ್ಚಿದ್ದನ್ನು ಕಚ್ಚಿದ್ದು ಸಾಕು, ನಮ್ಮದೇ ಒಂದು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ, ಬೇಕು ಅಂತ. ಆಮೇಲೆ ನನಗೊಂದು ಮೆಸೇಜ್ ಬರುತ್ತದೆ. "ಹೊಸದೇ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತಾ?" ಜೊತೆಗೆ ಮಾರಾಟಕ್ಕಿಟ್ಟ ಯಾವುದೋ ಸೆಟ್ಟಿನ ಫೋಟೊ.

ನಾನು ತಿರುಗಿ ಕೇಳುವುದು ಒಂದೇ. ಅದನ್ನು ಸರ್ವೀಸ್ ಮಾಡಿಕೊಡುವವರು ಯಾರು?

ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ರೆಗ್ಯುಲೇಟರಿನಲ್ಲಿ ಎರಡು ಭಾಗ. ಸಿಲಿಂಡರಿಗೆ ಸಿಕ್ಕಿಸುವ ಫಸ್ಟ್ ಸ್ಟೇಜ್ ಆ ಒತ್ತಡವನ್ನು ಇಳಿಸಿ, ಸುತ್ತಲಿನ ನೀರಿಗಿಂತ 9-10 ಬಾರ್ ಮಾತ್ರ ಜಾಸ್ತಿ ಇರುವ ಹಾಗೆ ಹೋಸಿಗೆ ಬಿಡುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ನೀವು ಉಸಿರು ಎಳೆದಾಗಷ್ಟೇ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ಎಂಬ ಉಸಿರಾಟದ ಸಾಧನ ಮಾಡಿದಾಗಿನಿಂದ ಮೂಲ ತತ್ವ ಇದೇ. ಹಾಗಾಗಿ ಮಾಡೆಲ್ ಹಳೇದು ಅನ್ನೋದು ದೊಡ್ಡ ವಿಷಯವಲ್ಲ. ಹಿತ್ತಾಳೆಯ ಮೈ ದಶಕಗಟ್ಟಲೆ ಬಾಳುತ್ತದೆ. ಸವೆಯುವುದು ಒಳಗೆ ಗಾಳಿ ತಡೆದು ನಿಲ್ಲಿಸುವ ಸೀಟು, ಓ-ರಿಂಗ್ ಎಂಬ ರಬ್ಬರ್ ಬಳೆ, ರಬ್ಬರ್ ಪೊರೆ. ಅವನ್ನು ಕಂಪನಿ ಹೇಳಿದ ಹಾಗೆ ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಯಿಸುತ್ತಿರಬೇಕು. ಒಂದು ಮಾಡೆಲಿನ ಬಿಡಿಭಾಗಗಳ ಕಿಟ್ ಇನ್ನೊಂದಕ್ಕೆ ಆಗಿಬರುವುದು ಕಡಿಮೆ.

ಕಷ್ಟ ಇರುವುದೇ ಇಲ್ಲಿ. ನಮ್ಮಲ್ಲಿ ಇದನ್ನು ಬಿಚ್ಚಿ ಜೋಡಿಸಲು ಕಲಿತವರು ಬೀದಿಗೊಬ್ಬರಿಲ್ಲ. ಅವರ ಹತ್ತಿರ ಎಲ್ಲ ಬ್ರ್ಯಾಂಡಿನ ಕಿಟ್ಟೂ ಇರುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಡೈವ್ ಸೆಂಟರಿನವರನ್ನು ಕೇಳಿ, ಅವರ ಸೆಟ್ಟುಗಳನ್ನು ಯಾರು ಸರ್ವೀಸ್ ಮಾಡುತ್ತಾರೆ, ಯಾವ ಬ್ರ್ಯಾಂಡು ಅಂತ. ಉತ್ತರ ಸ್ಕೂಬಾಪ್ರೋ ಆದರೆ ಸ್ಕೂಬಾಪ್ರೋ, ಮಾರೆಸ್ ಆದರೆ ಮಾರೆಸ್. ಬ್ರ್ಯಾಂಡಿನ ಜಗಳ ಅಷ್ಟಕ್ಕೇ ಮುಗಿಯಿತು.

ಈಗ ಸೆಕೆಂಡ್ ಹ್ಯಾಂಡ್. "ಹತ್ತೇ ಡೈವ್ ಆಗಿದೆ, ಹೊಸದರ ಹಾಗಿದೆ" ಎಂದು ಹೇಳಿದ ಕೂಡಲೇ ಜನ ಹಿಗ್ಗುತ್ತಾರೆ. ನನಗೆ ಅಲ್ಲೇ ಅನುಮಾನ. ಆ ಹತ್ತು ಡೈವ್ ಆದ ಮೇಲೆ ಸರಿಯಾಗಿ ತೊಳೆಯದೆ ನಾಲ್ಕು ಮಳೆಗಾಲ ಅಟ್ಟದ ಮೇಲೆ ಬಿದ್ದಿದ್ದರೆ, ದಿನಾ ನೀರಿಗಿಳಿಯುವ ಬಾಡಿಗೆ ಸೆಟ್ಟೇ ವಾಸಿ. ಉಪ್ಪು ಒಳಗೇ ಗಟ್ಟಿಯಾಗಿ ಕೂತಿರುತ್ತದೆ, ರಬ್ಬರ್ ಬಿರುಕು ಬಿಟ್ಟಿರುತ್ತದೆ.

ನೋಡಲು ಹೋದಾಗ ಫಸ್ಟ್ ಸ್ಟೇಜಿನ ಮುಚ್ಚಳ ತೆಗೆದು ಒಳಗಿನ ಪುಟ್ಟ ಫಿಲ್ಟರಿಗೆ ಟಾರ್ಚ್ ಬಿಡಿ. ಅದು ಲೋಹದ ಬಣ್ಣದಲ್ಲೇ ಇರಬೇಕು. ಹಸಿರಿದ್ದರೆ ಕಿಲುಬು, ಅಂದರೆ ಒಳಗೆ ನೀರು ಹೋಗಿದೆ. ಕೆಂಪಗಿದ್ದರೆ ತುಕ್ಕು ಹಿಡಿದ ಸಿಲಿಂಡರಿಗೆ ಹಾಕಿದ್ದಾರೆ. ಆಮೇಲೆ ಮುಚ್ಚಳ ಬಿಗಿಯಾಗಿ ಹಾಕಿ, ಮೌತ್‌ಪೀಸ್ ಕಚ್ಚಿ ಉಸಿರೆಳೆಯಿರಿ. ಏನೂ ಬರಬಾರದು. ಗಾಳಿ ಬಂದರೆ ಎಲ್ಲೋ ಪೊರೆ ಹರಿದಿದೆ, ಇಲ್ಲಾ ಉಸಿರು ಬಿಡುವ ಕಡೆಯ ವಾಲ್ವ್ ಸರಿಯಾಗಿ ಕೂತಿಲ್ಲ.

ಇಷ್ಟು ಯಾರು ಬೇಕಾದರೂ ಮಾಡಬಹುದು. ನಿಜವಾದ ಪರೀಕ್ಷೆಗೆ ತುಂಬಿದ ಸಿಲಿಂಡರ್ ಮತ್ತು ಬಿಸಿಡಿಯ (ಗಾಳಿ ತುಂಬಿಸಿ ತೇಲಲು ಹಾಕುವ ಜಾಕೆಟ್ಟಿನ) ಹೋಸಿಗೆ ಸಿಕ್ಕಿಸುವ ಸಣ್ಣ ಪ್ರೆಶರ್ ಗೇಜ್ ಬೇಕು. ಒಂದು ಉಸಿರು ಎಳೆದಾಗ ಮುಳ್ಳು ಕೆಳಗಿಳಿದು, ಟಕ್ ಅಂತ ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ನಿಲ್ಲದೆ ಮೆಲ್ಲಗೆ ಮೇಲೇರುತ್ತಾ ಹೋದರೆ ಸೀಟು ಸವೆದಿದೆ. ಹಾಗೇ ಬಿಟ್ಟರೆ ನೀರೊಳಗೆ ಗಾಳಿ ತಾನಾಗಿ ಬುಸುಗುಡಲು ಶುರುವಾಗುತ್ತದೆ.

ಪರೀಕ್ಷೆಯಲ್ಲಿ ಪಾಸಾದರೂ ಸರ್ವೀಸ್ ಮಾಡಿಸದೆ ನೀರಿಗಿಳಿಯಬೇಡಿ. ಸೆಟ್ಟಿನ ಬೆಲೆ, ಪೂರ್ತಿ ಸರ್ವೀಸು, ಹೊಸ ಹೋಸುಗಳು, ಎಲ್ಲ ಕೂಡಿಸಿ. ಹೊಸದರ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಬಂದರೆ ಸುಮ್ನೆ ಹೊಸದೇ ತಗೊಳ್ಳಿ. ನನ್ನನ್ನು ಕೇಳುವವರ ಲೆಕ್ಕ ಹೆಚ್ಚಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಹೊಸದರಲ್ಲೂ ದುಬಾರಿ ಮಾಡೆಲ್ ಬೇಡ. ನಮ್ಮ ಬೆಚ್ಚನೆ ಸಮುದ್ರದಲ್ಲಿ 18 ಮೀಟರಿಗೆ ಇಳಿಯುವವರಿಗೆ ಸ್ಕೂಬಾಪ್ರೋದ ಎಂಕೆ2 ಥರದ ಸಾದಾ ಪಿಸ್ಟನ್ ಫಸ್ಟ್ ಸ್ಟೇಜ್ ಧಾರಾಳ ಸಾಕು. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಉಸಿರು ಸ್ವಲ್ಪ ಬಿಗಿಯಾಗುತ್ತದೆ, ನಿಜ. ಆದರೆ ಅಷ್ಟು ಖಾಲಿಯಾಗುವ ಮೊದಲೇ ನೀವು ಮೇಲೆ ಬಂದಿರಬೇಕಲ್ವಾ? ಆಗಾಗ 30 ಮೀಟರ್ ಇಳಿಯುವವರಾದರೆ, ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಉಸಿರು ಹಗುರಾಗೇ ಇರುವ ಬ್ಯಾಲೆನ್ಸ್ಡ್ ಮಾಡೆಲಿಗೆ ದುಡ್ಡು ಹಾಕಿ.

ಜರ್ಮನಿಯಲ್ಲಿರುವ ನಮ್ಮವರು ಕೇಳಿದರೆ ಉತ್ತರವೇ ಬೇರೆ. ಅಲ್ಲಿಯ ಕೆರೆಗಳ ಆಳದಲ್ಲಿ ನೀರು 10 ಡಿಗ್ರಿಗಿಂತ ಕೆಳಗೆ, ಸಾದಾ ಸೆಟ್ ಹೆಪ್ಪುಗಟ್ಟಬಹುದು. ತಣ್ಣೀರಿನದೇ ಬೇಕು. ಅಲ್ಲಿ ಸಿಲಿಂಡರಿಗೆ ತಿರುಪಿ ಕೂರಿಸುವ ಡಿನ್ ಜೋಡಣೆ ರೂಢಿ, ನಮ್ಮ ಬೋಟುಗಳಲ್ಲಿ ಹೆಚ್ಚಾಗಿ ಸಿಗುವುದು ಕ್ಲ್ಯಾಂಪ್ ಹಾಕುವ ಯೋಕ್. ಅಡಾಪ್ಟರ್ ಇಟ್ಟುಕೊಂಡರೆ ರಜೆಗೆ ಊರಿಗೆ ಬಂದಾಗಲೂ ಬಳಸಬಹುದು. ಸರ್ವೀಸ್ ಅಂಗಡಿ ಹತ್ತಿರವಿದ್ದರೆ ಅಲ್ಲಿ ಸೆಕೆಂಡ್ ಹ್ಯಾಂಡ್ ಒಳ್ಳೆ ವ್ಯಾಪಾರವೇ.

ವರ್ಷಕ್ಕೊಂದೇ ಟ್ರಿಪ್ಪಾ? ಹಾಗಿದ್ದರೆ ಎರಡೂ ಬೇಡ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಮತ್ತು ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ತಗೊಂಡು, ರೆಗ್ಯುಲೇಟರ್ ಬಾಡಿಗೆಗೇ ಪಡೆಯಿರಿ. ಮೌತ್‌ಪೀಸ್ ಮಾತ್ರ ಸ್ವಂತದ್ದು ಒಯ್ಯಿರಿ. ಅದನ್ನು ಹಿಡಿದಿಡುವುದು ಒಂದು ಪ್ಲಾಸ್ಟಿಕ್ ಟೈ ಅಷ್ಟೇ. ಬದಲಾಯಿಸಿಕೊಡಿ ಅಂದರೆ ಸೆಂಟರಿನವರೇ ಹಾಕಿಕೊಡುತ್ತಾರೆ.