ಮೆಹ್ತರ್ ಮಹಲ್ ಮುಂದೆ ನಿಂತಾಗ

ನಿನ್ನೆ ಸಂಜೆ ಅವ್ವನ ಮಾತ್ರೆ ತರಲು ಹೋದವನು ಗಾಡಿ ಬಿಟ್ಟು ಸುಮ್ನೆ ಜುಮ್ಮಾ ಮಸೀದಿ ರಸ್ತೆಯಲ್ಲಿ ನಡೆದೆ. ವಿಜಯಪುರದಲ್ಲೇ ಹುಟ್ಟಿ ಬೆಳೆದವನು ನಾನು, ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ, ಆದರೆ ಮೆಹ್ತರ್ ಮಹಲ್ ಮುಂದೆ ನಿಂತು ಕತ್ತೆತ್ತಿ ನೋಡಿದ್ದು ನಿನ್ನೆಯೇ ಮೊದಲು. ಹೆಸರಿಗೆ ಮಹಲ್, ನಿಜವಾಗಿ ಅದು ಒಳಗಿನ ಮಸೀದಿಗೆ ಹೋಗುವ ಬಾಗಿಲು. ಮೇಲಿನ ಬಾಲ್ಕನಿಯನ್ನು ಹೊತ್ತ ಆಸರೆಗಳು ಕಲ್ಲಿನವು ಅಂತ ಅನ್ನಿಸೋದೇ ಇಲ್ಲ. ಬಡಿಗ ಕಟ್ಟಿಗೆಯಲ್ಲಿ ಕೆತ್ತಿದ ಹಾಗೆ, ಅಷ್ಟು ತೆಳ್ಳಗೆ, ಅಷ್ಟು ನಾಜೂಕು. ಕಲ್ಲನ್ನು ಆ ಕೈಗಳು ಹೇಗೆ ಪಳಗಿಸಿದವೋ!

ಊರಿನ ಒಳಕೋಟೆಯಾದ ಅರಕಿಲ್ಲೆಗೂ ಜುಮ್ಮಾ ಮಸೀದಿಗೂ ನಡುವಿನ ದಾರಿ ಇದು. ಆ ಮಸೀದಿ ಶುರುವಾಗಿದ್ದು ಒಂದನೇ ಅಲಿ ಆದಿಲ್ ಶಾ ಕಾಲದಲ್ಲಿ, ಅವನು ತೀರಿಕೊಂಡಿದ್ದು 1580ರಲ್ಲಿ. 1686ರಲ್ಲಿ ಔರಂಗಜೇಬ ಊರು ಗೆದ್ದ, ಆದಿಲ್ ಶಾಹಿ ಸುಲ್ತಾನರ ಆಳ್ವಿಕೆ ಮುಗಿಯಿತು. ಆದರೂ ದಾರಿ ನಿಂತಿಲ್ಲ ನೋಡಿ, ಇವತ್ತಿಗೂ ಟಾಂಗಾ, ಆಟೋ, ಶಾಲೆ ಮಕ್ಕಳು, ಎಲ್ಲಾ ಇಲ್ಲೇ.

ಗೋಳಗುಮ್ಮಟ ನೋಡಿ ಹಾಗೇ ಬಸ್ ಹತ್ತುವವರೇ ಜಾಸ್ತಿ. ನಮ್ಮೂರಿಗೆ ಬಂದರೆ ಈ ರಸ್ತೆಯಲ್ಲಿ ಹತ್ತು ನಿಮಿಷ ನಡೆಯಿರಿ, ಕೆತ್ತನೆ ಮೇಲೆ ಮಾತ್ರ ಹೆಸರು ಗೀಚಬೇಡಿ. ಬರುವ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಬೇಕು.