ದೊಡ್ಡಪ್ಪನ ಪೈಪಿನ ಹೊಗೆಸೊಪ್ಪು

ಮಾರ್ಚ್ 9, 2025, ಭಾನುವಾರ
ದಾವಣಗೆರೆ

ದುಬೈ ಅಣ್ಣ ತಂದುಕೊಟ್ಟಿದ್ದ ತಗಡಿನ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಒಳಗಿನ ಹೊಗೆಸೊಪ್ಪು ಚಹಾಪುಡಿ ಹಾಗೆ ಆಗಿದೆ. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಚರಚರ ಅಂತ ಮುರಿದು ಉದುರುತ್ತದೆ. ಸೀಲ್ ಇರುವ ತನಕ ವರ್ಷಗಟ್ಟಲೆ ಇಟ್ಟರೂ ಏನೂ ಆಗಲ್ಲ. ಒಮ್ಮೆ ತೆಗೆದ ಮೇಲೆ ನಮ್ಮೂರಿನ ಈ ಒಣಗಾಳಿ ಬಿಡುತ್ತದೆಯೇ?

"ಹಿಂಗೇ ಸೇದಿದ್ರೆ ನಾಲಿಗೆ ಸುಡ್ತತಿ ತಮ್ಮಾ. ಬರಬರ ಉರಿದು ಹೋಕ್ಕತಿ, ರುಚಿನೇ ಸಿಗಲ್ಲ," ಅಂದರು ದೊಡ್ಡಪ್ಪ.

ಸ್ವಲ್ಪ ನೀರು ಚಿಮುಕಿಸಿದರೆ ಆಗಲ್ವಾ ಅಂತ ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಸ್ಪಿನ್ನಿಂಗ್ ಖಾತೆಯಾಗ ನೂಲಿಗೆ ನೀರು ಹೊಡೀತಿದ್ವೇನ್ಲೇ? ಶೆಡ್ಡಿನ ಗಾಳಿಗೆ ತೇವ ಬಿಡ್ತಿದ್ವಿ. ನೂಲು ತನಗೆ ಬೇಕಾದಷ್ಟು ತಗೊಂತಿತ್ತು. ಗಾಳಿ ಒಣಗಿತು ಅಂದ್ರೆ ಪಟಪಟ ಹರೀತಿತ್ತು." ಅವರು ದುಡಿದ ಹತ್ತಿ ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತು. ಆ ಮಾತು ಬಂದರೆ ಇವತ್ತಿಗೂ ಅವರ ಬೆನ್ನು ನೆಟ್ಟಗಾಗುತ್ತದೆ. ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುವ ರೈತರೂ ಬ್ಯಾರನ್‌ನಲ್ಲಿ, ಅಂದರೆ ಬಿಸಿಗಾಳಿಯಲ್ಲಿ ಎಲೆ ಒಣಗಿಸುವ ಮನೆಯಲ್ಲಿ, ಬೇಯಿಸಿದ ಎಲೆಯನ್ನು ಕೂಡಲೇ ವಿಂಗಡಿಸಲ್ಲ. ಹೊರಗಿನ ತೇವ ಕುಡಿದು ಮೆತ್ತಗಾಗಲಿ ಅಂತ ಕಾಯುತ್ತಾರೆ. ಇಲ್ಲದಿದ್ದರೆ ಮುಟ್ಟಿದ ಕಡೆಯೆಲ್ಲ ಎಲೆ ಒಡೆಯುತ್ತದೆ.

ದೊಡ್ಡಮ್ಮ ಹಿತ್ತಲಿನಿಂದ ಒಡೆದ ಮಡಕೆಯ ಒಂದು ಚೂರು ತಂದುಕೊಟ್ಟರು. ಅದನ್ನು ತೊಳೆದು, ಕಾಯಿಸಿ ಆರಿಸಿದ ನೀರಲ್ಲಿ ನೆನೆಸಿದೆ. ಬೋರಿನ ನೀರು ಬೇಡ, ಬಿಳಿ ಉಪ್ಪು ಬಿಡುತ್ತದೆ. ಹೊರಗಿನ ನೀರೆಲ್ಲ ಬಟ್ಟೆಯಲ್ಲಿ ಒರೆಸಿದೆ. ಹೊಗೆಸೊಪ್ಪನ್ನು ಗಾಜಿನ ಬಾಟಲಿಗೆ ಸಡಿಲವಾಗಿ ತುಂಬಿ, ಮೇಲೆ ಫಾಯಿಲ್ ಹಾಸಿ, ಅದರ ಮೇಲೆ ಚೂರು ಇಟ್ಟು ಮುಚ್ಚಳ ಬಿಗಿದಿದ್ದೇನೆ. ಚೂರಿನ ತೇವ ಬಾಟಲಿಯ ಗಾಳಿಗೆ ಸೇರಿ ಎಲೆಗೆ ಹೋಗಬೇಕು, ಒದ್ದೆ ಮಣ್ಣೇ ಎಲೆಗೆ ತಾಗಬಾರದು. ಕೆಲವರು ಆಲೂಗಡ್ಡೆ, ಸೇಬಿನ ಹೋಳು ಹಾಕುತ್ತಾರಂತೆ. ಈ ಸೆಕೆಗೆ ಬೂಷ್ಟು ಬರುವುದು ಖಂಡಿತ. ಆಮೇಲೆ ಇಡೀ ಬಾಟಲಿ ಎಸೆಯಬೇಕಷ್ಟೆ.

ರಾತ್ರಿ ಮಲಗುವ ಮೊದಲು ಮುಚ್ಚಳ ತೆಗೆದು ಮೇಲೆ ಕೆಳಗೆ ಮಾಡಿದೆ. ಅಂಚಿನ ಎಳೆಗಳು ಆಗಲೇ ಬಾಗುತ್ತಿವೆ. ನೂರಕ್ಕೆ 12ರಿಂದ 15 ಪಾಲು ತೇವ ಇದ್ದರೆ ಪೈಪಿಗೆ ಹದ ಅನ್ನುತ್ತಾರೆ. ಮನೆಯಲ್ಲಿ ಅಳೆಯುವುದು ಬೆರಳೇ. ಒತ್ತಿ ಬಿಟ್ಟರೆ ಎಳೆಗಳು ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಉಂಡೆಯಾಗಿ ಕೂತರೆ ತೇವ ಜಾಸ್ತಿ ಆಯ್ತು ಅಂತ. ಹಾರಿಹೋದ ಪರಿಮಳ ಮಾತ್ರ ಪೂರ್ತಿ ವಾಪಸ್ ಬರಲ್ಲ. ಅದನ್ನು ದೊಡ್ಡಪ್ಪನಿಗೆ ಹೇಳಲು ಮನಸ್ಸಾಗಲಿಲ್ಲ.

ಅವರ ಮನೆಯಿಂದ ಹೊರಡುವಾಗ ದೊಡ್ಡಮ್ಮ ಗೇಟಿನ ತನಕ ಬಂದಿದ್ದರು. "ಚೆನ್ನಾಗಿ ಮಾಡಿ ಕೊಡ್ತೀಯಲ್ಲ?" ಅಂದರು. ನಾನು ಹೂಂ ಅಂದೆ. "ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ತಾರೆ. ತಾವು ಎದ್ದಿದ್ದು ನನಗೆ ಗೊತ್ತಾಗಬಾರದು ಅಂತ ಬಾಯಿಗೆ ಟವೆಲ್ ಒತ್ಕೊಂತಾರೆ."

ಬೈದಿದ್ದರೆ ಒಳ್ಳೇದಿತ್ತು. ಬೈಯಲಿಲ್ಲ. ಮಡಕೆ ಚೂರು ಹುಡುಕಿ ತಂದವರೂ ಅವರೇ ಅಲ್ವಾ.

ಡಾಕ್ಟರು ಆಗಲೇ ಬಿಡಿ ಅಂದಿದ್ದಾರೆ. ಅಷ್ಟು ವರ್ಷ ಎಳೆದುಕೊಂಡ ಹತ್ತಿಧೂಳು ಶ್ವಾಸಕೋಶದ ಕೊಳವೆಗಳನ್ನು ಬಿಗಿ ಮಾಡುತ್ತದೆ, ಹೊಗೆ ಸೇರಿದರೆ ಇನ್ನೂ ಕಷ್ಟ ಅಂತ ಬಿಡಿಸಿ ಹೇಳಿದ್ದರು. ದೊಡ್ಡಪ್ಪ ತಲೆಯಾಡಿಸಿ ಬಂದರು. ಈಗ ಭಾನುವಾರ ಸಂಜೆ ಮಾತ್ರ, ಕಟ್ಟೆಯ ಮೇಲೆ ಕೂತು. ಅಷ್ಟೂ ಬೇಡ ಅನ್ನಲು ನಾನ್ಯಾರು? ಆದರೆ ಹದ ಮಾಡಿ ಕೈಗೆ ಕೊಡುವವನು ನಾನೇ ಆದರೆ, ಆ ಕೆಮ್ಮಿಗೆ...

ಅಣ್ಣನಿಗೆ ಫೋನ್ ಮಾಡಬೇಕು. ಮುಂದಿನ ಸಲ ಡಬ್ಬಿ ತರಬೇಡ ಅಂತ. ದೊಡ್ಡಪ್ಪನಿಗೆ ನಾನೇ ಹೇಳಿಸಿದ್ದು ಅಂತ ಗೊತ್ತಾದರೆ