72 ಮೇಳ, ಮೂರು ಲೂಪ್

ಜಿಡಬ್ಲ್ಯು ಬೇಸಿಕ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಪ್ಲೇ’ ಅಂತ ಒಂದು ಕಮಾಂಡ್ ಇತ್ತು. ಅದರ ಮುಂದೆ ಕೋಟ್ಸ್ ಒಳಗೆ ಸಿ, ಡಿ, ಇ ಅಂತ ಅಕ್ಷರ ಬರೆದರೆ ಕಂಪ್ಯೂಟರಿನ ಒಳಗಿನ ಪುಟ್ಟ ಸ್ಪೀಕರ್ ಆ ಸ್ವರಗಳನ್ನು ನುಡಿಸುತ್ತಿತ್ತು. ನನಗೆ ಪ್ರೋಗ್ರಾಮಿಂಗ್ ಹುಚ್ಚು ಹಿಡಿದಿದ್ದು ಅಲ್ಲಿಂದ.

ತೊಂಬತ್ತರ ದಶಕದ ನಡುಭಾಗ. ಶಿವಮೊಗ್ಗದಲ್ಲಿ ಬೇಸಿಗೆ ರಜೆಗೆ ಅಪ್ಪ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಮಿಷನ್‌ಗೆ ಇಬ್ಬರು, ದಿನಕ್ಕೆ ಒಂದೇ ಗಂಟೆ. ಹಾಗಾಗಿ ಪ್ರೋಗ್ರಾಂಗಳನ್ನು ಮನೆಯಲ್ಲೇ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಸಾಲುಗಳಿಗೆ 10, 20, 30 ಅಂತ ನಂಬರ್. ಆಮೇಲೆ ನಡುವೆ ಏನಾದರೂ ತುರುಕಬೇಕಾದರೆ 15 ಖಾಲಿ ಇರುತ್ತಿತ್ತು. ಟೈಪ್ ಮಾಡಿ ಎಫ್2 ಒತ್ತಿದರೆ ರನ್. ಉಳಿದವರು ಸರಳ ಬಡ್ಡಿ ಲೆಕ್ಕ, ಅವಿಭಾಜ್ಯ ಸಂಖ್ಯೆ ಅಂತ ಮಾಡುತ್ತಿದ್ದರು. ನನಗೆ ಅದು ರುಚಿಸಲಿಲ್ಲ.

ಮನೆಯಲ್ಲಿ ಅಮ್ಮ ಸಂಗೀತ ಪಾಠ ಹೇಳುತ್ತಿದ್ದಳು. ಸಂಜೆಯಾದರೆ ನಡುಮನೆ ತುಂಬ ಮಕ್ಕಳು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಹೀಗೆ ಕರ್ನಾಟಕ ಸಂಗೀತದ ಮೊದಲ ಪಾಠಗಳು. ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಾ ಅದನ್ನೇ ಕೇಳಿಕೊಂಡು ಬೆಳೆದವಳು ನಾನು. ಪ್ಲೇ ಕಮಾಂಡ್ ಕಂಡ ದಿನವೇ ಅನ್ನಿಸಿತು, ಇದರಲ್ಲಿ ಸರಳೆ ನುಡಿಸಬಹುದಲ್ವಾ?

ಸರಳೆ ವರಸೆ ಮಾಯಾಮಾಳವಗೌಳ ರಾಗದ್ದು. ಷಡ್ಜವನ್ನು, ಅಂದರೆ ಸ ಸ್ವರವನ್ನು, ಸಿ ಅಂತ ಇಟ್ಟುಕೊಂಡೆ. ಶುದ್ಧ ರಿಷಭ (ರಿ) ಹಾರ್ಮೋನಿಯಂನಲ್ಲಿ ಅದರ ಪಕ್ಕದ ಕಪ್ಪು ಮನೆ. ಶುದ್ಧ ಧೈವತವೂ (ದ) ಕಪ್ಪು ಮನೆಯೇ. ಬೇಸಿಕ್‌ನಲ್ಲಿ ಅಕ್ಷರದ ಮುಂದೆ ಮೈನಸ್ ಹಾಕಿದರೆ ಸ್ವರ ಒಂದು ಮನೆ ಇಳಿಯುತ್ತದೆ. ಹಾಗಾಗಿ ‘ಸಿ ಡಿ- ಇ ಎಫ್ ಜಿ ಎ- ಬಿ’, ಕೊನೆಗೆ ಮೇಲಿನ ಸ್ಥಾಯಿಯ ಸಿ. ಎಫ್2 ಒತ್ತಿದೆ. ಇಡೀ ಸೆಂಟರ್ ತಿರುಗಿ ನೋಡಿತು, ಯಾಕೆಂದರೆ ಆ ಸ್ಪೀಕರಿಗೆ ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯೇ ಇರಲಿಲ್ಲ.

ಮೂರು ಕಾಲ, ಅಂದರೆ ಮೂರು ವೇಗ, ಹೇಗೆ? ಎಲ್ ಅಂತ ಬರೆದು ಮುಂದೆ 4 ಹಾಕಿದರೆ ಒಂದು ಸ್ವರಕ್ಕೆ ಇಷ್ಟು ಉದ್ದ ಅಂತ. 8 ಹಾಕಿದರೆ ಅದರ ಅರ್ಧ. 16 ಹಾಕಿದರೆ ಕಾಲು. ಅಂದರೆ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ತಾನಾಗಿಯೇ ಸಿಕ್ಕಿತು. ಅಮ್ಮನ ಕ್ಲಾಸಿನಲ್ಲಿ ಎರಡನೇ ಕಾಲವನ್ನು ಎರಡು ಸಲ, ಮೂರನೆಯದನ್ನು ನಾಲ್ಕು ಸಲ ಹಾಡಬೇಕಿತ್ತು. ಒಟ್ಟು ತಾಳ ಅಷ್ಟೇ ಬರಬೇಕು ನೋಡಿ. ಪ್ರೋಗ್ರಾಂನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಲೂಪ್ ಅನ್ನುತ್ತಾರೆ. ಹೊರಗಿನ ಲೂಪ್ ಕಾಲಕ್ಕೆ, ಒಳಗಿನ ಲೂಪ್ ಎಷ್ಟು ಸಲ ಅನ್ನುವುದಕ್ಕೆ. ಲೂಪ್ ಒಳಗೆ ಲೂಪ್ ಅನ್ನುವುದು ನನಗೆ ಯಾವತ್ತೂ ಕಷ್ಟ ಅನ್ನಿಸಲಿಲ್ಲ. ಕೈಯಲ್ಲಿ ತಾಳ ಹಾಕುತ್ತಾ ಅದನ್ನು ಎಷ್ಟೋ ವರ್ಷ ಮೊದಲೇ ಕಲಿತಿದ್ದೆ.

ಒಂದು ದಿನ ಕರೆದುಕೊಂಡು ಹೋಗಲು ಬಂದ ಅಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿದಳು. ‘ಗಾಂಧಾರ ಸರಿ ಇದೆ. ರಿಷಭ ಅಲ್ಲಾಡಬೇಕಲ್ಲೇ’ ಅಂದಳು. ಅದಕ್ಕೆ ‘ಸೌಂಡ್’ ಅನ್ನುವ ಇನ್ನೊಂದು ಕಮಾಂಡ್ ಹಿಡಿದೆ. ಇದರಲ್ಲಿ ಹರ್ಟ್ಸ್ ಲೆಕ್ಕದಲ್ಲಿ ಕಂಪನ ಕೊಡಬಹುದು. 262ರಿಂದ 277ಕ್ಕೆ ಹತ್ತಿಸಿ ಇಳಿಸಿ, ಮತ್ತೆ ಹತ್ತಿಸಿ ನೋಡಿದೆ. ಉದ್ದದ ಅಳತೆ ಕಂಪ್ಯೂಟರಿನ ಗಡಿಯಾರದ ಟಿಕ್, ಸೆಕೆಂಡಿಗೆ ಸುಮಾರು 18. ಅಷ್ಟು ದಪ್ಪ ಹೆಜ್ಜೆಯಲ್ಲಿ ಗಮಕ, ಅಂದರೆ ಸ್ವರದ ಆ ಅಲ್ಲಾಟ, ಎಲ್ಲಿಂದ ಬರಬೇಕು? ಬಿಡಿ ಬಿಡಿಯಾಗಿ ಸ್ವರಗಳೇ ಕೇಳಿಸಿದವು. ಆದರೂ ಆ ರಜೆ ಪೂರ್ತಿ ಅದರ ಹಿಂದೆ ಬಿದ್ದಿದ್ದೆ.

ಪಿಯುಸಿಯಲ್ಲಿ ಮೇಳಕರ್ತ ರಾಗಗಳಿಗೆ, ಅಂದರೆ ಉಳಿದ ರಾಗಗಳಿಗೆ ತಾಯಿಯಂತಿರುವ ರಾಗಗಳಿಗೆ, ಕೈ ಹಾಕಿದೆ. 72 ಮೇಳಗಳ ಈ ಕಟ್ಟನ್ನು 17ನೇ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಹಾಕಿಕೊಟ್ಟರು. ಎರಡು ಮಧ್ಯಮ (ಶುದ್ಧ, ಪ್ರತಿ), ಆರು ರಿ-ಗ ಜೋಡಿ, ಆರು ದ-ನಿ ಜೋಡಿ. ಎರಡು ಆರಲಿ ಆರಲಿ 72. ಮೂರು ಲೂಪ್, ಒಂದರೊಳಗೆ ಒಂದು. ಒಳಗಿನದು ದ-ನಿ ಬದಲಿಸುತ್ತದೆ. ಅದು ಆರು ಸುತ್ತು ಮುಗಿಸಿದಾಗ ರಿ-ಗ ಬದಲಾಗಿ ಹೊಸ ಚಕ್ರ (ಆರು ಮೇಳಗಳ ಗುಂಪು) ಶುರು. 36 ಮುಗಿದ ಮೇಲೆ ಪ್ರತಿ ಮಧ್ಯಮ. ಪ್ರೋಗ್ರಾಂ ಓಡಿಸಿ 15ನೇ ಸಾಲು ನೋಡಿದೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಮಾಯಾಮಾಳವಗೌಳ! ಆ ಖುಷಿ ಇವತ್ತಿಗೂ ಮಾಸಿಲ್ಲ.

ಹೊಟ್ಟೆಪಾಡಿಗೆ ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯುತ್ತೇನೆ, ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ರಾತ್ರಿ ಮಾತ್ರ ರಾಗಗಳದ್ದೇ ಕೆಲಸ. ಕಟಪಯಾದಿ ಗೊತ್ತಲ್ವಾ? ಒಂದೊಂದು ವ್ಯಂಜನಕ್ಕೆ ಒಂದೊಂದು ಅಂಕಿ ಕೊಡುವ ಹಳೆಯ ಲೆಕ್ಕ. ಮೇಳದ ಹೆಸರಿನ ಮೊದಲ ಎರಡು ಅಕ್ಷರದಲ್ಲಿ ಅದರ ನಂಬರ್ ಅಡಗಿರುತ್ತದೆ. ಮಾ ಅಂದರೆ 5, ಯಾ ಅಂದರೆ 1, ತಿರುಗಿಸಿದರೆ 15. ಮೇಚಕಲ್ಯಾಣಿಯ ಮೇ 5, ಚ 6, ತಿರುಗಿಸಿದರೆ 65. ಇದನ್ನು ಪೈಥಾನ್‌ನಲ್ಲಿ ಬರೆದೆ. ಯೂನಿಕೋಡ್‌ನಲ್ಲಿ ‘ಮೇ’ ಅನ್ನುವುದು ‘ಮ’ ಮತ್ತು ಏತ್ವದ ಗುರುತು, ಎರಡು ಬೇರೆ ಬೇರೆ ಕೋಡ್. ಗುರುತು ಬಿಟ್ಟು ವ್ಯಂಜನ ಹಿಡಿದರೆ ಸಾಕು. ಕಟಪಯಾದಿಗೆ ಹೇಳಿ ಮಾಡಿಸಿದ ಹಾಗಿದೆ.

ತಲೆ ತಿಂದಿದ್ದು ಒತ್ತಕ್ಷರ. ಮೊದಲ ಎರಡು ವ್ಯಂಜನ ತಗೊಂಡರೆ ಚಕ್ರವಾಕಕ್ಕೆ ಚ 6, ಕ 1, ಅಂದರೆ 16. ಸರಿ. ಆದರೆ ರತ್ನಾಂಗಿಗೆ ರ 2, ತ 6, ಅಂದರೆ 62. ಅದು ರಿಷಭಪ್ರಿಯದ ನಂಬರ್. ರತ್ನಾಂಗಿ ಎರಡನೇ ಮೇಳ, ಅಲ್ಲಿ ಒತ್ತಿನ ನ ಹಿಡಿಯಬೇಕು, ಅದರ ಬೆಲೆ ಸೊನ್ನೆ. ಸೂರ್ಯಕಾಂತದಲ್ಲೂ ಯ ಹಿಡಿದರೆ ಮಾತ್ರ 17, ಇಲ್ಲದಿದ್ದರೆ 27, ಅದು ಸರಸಾಂಗಿ. ಸರಿ, ಒತ್ತನ್ನೇ ಹಿಡಿಯೋಣ ಅಂದರೆ ಚಕ್ರವಾಕ 26 ಆಗಿ ಚಾರುಕೇಶಿಯ ಮೇಲೆ ಹೋಗಿ ಕೂರುತ್ತದೆ. ಸಿಂಹೇಂದ್ರಮಧ್ಯಮದಲ್ಲಂತೂ ‘ಸಿಂ’ನ ಅನುಸ್ವಾರವನ್ನು ಮ ಅಂತ ಓದಿಕೊಂಡರೆ ಮಾತ್ರ 57. ಹಾಗೇ ಬಿಟ್ಟರೆ 87, ಆ ನಂಬರಿನ ಮೇಳವೇ ಇಲ್ಲ. ಕೊನೆಗೆ ಇಂಥವಕ್ಕೆ ಬೇರೆ ಪಟ್ಟಿ ಮಾಡಿಟ್ಟೆ. ಅಮ್ಮ ಅದನ್ನು ನೋಡಿ ತಿದ್ದಿಕೊಟ್ಟಳು.

ಈಗ ಜನ್ಯ ರಾಗಗಳು, ಅಂದರೆ ಮೇಳಗಳಿಂದ ಹುಟ್ಟಿದ ರಾಗಗಳು. ಸ್ವರ ಕೊಟ್ಟರೆ ಯಾವ ಮೇಳದಲ್ಲಿ ಹುಟ್ಟಿರಬಹುದು ಅಂತ ಪ್ರೋಗ್ರಾಂ ಹುಡುಕುತ್ತದೆ. ಮೋಹನ ಕೊಟ್ಟರೆ ನಾಲ್ಕು ಮೇಳ ಹೇಳುತ್ತದೆ: 28, 29, 64, 65. ಅಮ್ಮನ ಪ್ರಕಾರ 28, ಹರಿಕಾಂಭೋಜಿ, ಚರ್ಚೆಯೇ ಇಲ್ಲ. ಬಿಲಹರಿ ಕೊಟ್ಟರೆ ಒಂದೂ ಸಿಗುವುದಿಲ್ಲ. ಅದು ಭಾಷಾಂಗ ರಾಗ, ಅಂದರೆ ತನ್ನ ಮೇಳದಲ್ಲಿಲ್ಲದ ಅನ್ಯಸ್ವರವೂ ಬರುವ ರಾಗ. ಎರಡೂ ನಿಷಾದ (ನಿ) ಬರುತ್ತವೆ, ಒಂದು ಮೇಳದಲ್ಲಿ ಎರಡು ನಿಷಾದಕ್ಕೆ ಜಾಗವಿಲ್ಲ. ಅನ್ಯಸ್ವರವನ್ನು ಬೇರೆಯಾಗಿ ಗುರುತು ಹಾಕುವ ಹಾಗೆ ಈಗ ಬದಲಾಯಿಸುತ್ತಿದ್ದೇನೆ. ಯಾವ ರಾಗಕ್ಕೆ ಯಾವುದು ಅನ್ಯಸ್ವರ ಅಂತ ಅಮ್ಮ ಫೋನಿನಲ್ಲಿ ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಕಾಂಭೋಜಿವರೆಗೆ ಬಂದಿದ್ದೇವೆ.